ಡಲ್ಸಿಗೆ ಕೊಟ್ಟ ಅಂಕಗಳು

ಡಾಕ್ಟರುಗಳು ಓದುವ ಪತ್ರಿಕೆಯೊಂದರಲ್ಲಿ ನನ್ನ ಗೆಳೆಯನ ಸಾವಿಗೆ ಒಂದೇ ಒಂದು ವಾಕ್ಯ ಮೀಸಲಾಗಿದೆ. 'ಒಬ್ಬ ರೋಗಿ ಎರಡನೆಯ ಶಸ್ತ್ರಚಿಕಿತ್ಸೆಯ ಬಳಿಕ ಹೃದಯ ಸೋತು ತೀರಿಕೊಂಡರು.' ಅದರಲ್ಲಿ ತಪ್ಪೇನೂ ಇಲ್ಲ. ಬರೆದವಳು ಡಲ್ಸಿ. ಕಳಿಸುವ ಮೊದಲು ನನಗೆ ಫೋನ್ ಮಾಡಿ, "ಮೇಷ್ಟ್ರೇ, ಇಂಥದ್ರಲ್ಲಿ ಹೆಸರು ಹಾಕೋ ಹಾಗಿಲ್ಲ" ಎಂದಳು. ನಾನು ಹಾಕಬಹುದು. ಅವನ ಹೆಸರು ಸೆಲ್ಬಿ ಪಾರ್ಡಿ. ಊರು ಡಾರ್ಬಿ ಕೋವ್, ಹಿಮ ಬೀಳುವ ಉತ್ತರದ ಕಡಲದಂಡೆಯ ಸಣ್ಣ ಹಳ್ಳಿ. ಕಸುಬು ಮೀನು ಹಿಡಿಯುವುದು.

ನಾವಿಬ್ಬರೂ ಒಂದೇ ಚಳಿಗಾಲದಲ್ಲಿ ಹುಟ್ಟಿದವರು. ಸೆಲ್ಬಿ ಐದನೇ ಇಯತ್ತೆಗೆ ಶಾಲೆ ಬಿಟ್ಟು ಅಪ್ಪನ ದೋಣಿ ಹತ್ತಿದ. ನಾನು ನಗರಕ್ಕೆ ಹೋಗಿ ಓದಿ, ಅದೇ ಶಾಲೆಗೆ ಮೇಷ್ಟ್ರಾಗಿ ಬಂದೆ. "ಇಷ್ಟು ದೂರ ಹೋಗಿ ಓದ್ಕೊಂಡು ಬಂದು ಅದೇ ಬೆಂಚಿನ ಎದುರಿಗೆ ನಿಂತ್ಯಲ್ಲೋ! ನಾನಾಗಿದ್ರೆ ಎದ್ದೇ ಹೋಗ್ತಿರಲಿಲ್ಲ" ಎಂದು ಅವನು ಜೀವಮಾನವಿಡೀ ನನ್ನನ್ನು ಆಡಿಕೊಂಡ. ನಮಗೆಲ್ಲ ಅನ್ನ ಕೊಡುತ್ತಿದ್ದ ಕಾಡ್ ಎಂಬ ಮೀನು ಬರಿದಾಗುತ್ತಿದೆಯೆಂದು ಅದನ್ನು ಹಿಡಿಯುವುದನ್ನೇ ಸರ್ಕಾರ ನಿಲ್ಲಿಸಿದಾಗ ನಮ್ಮ ದಂಡೆಯ ಅರ್ಧ ಜನ ಊರು ಬಿಟ್ಟರು. ಸೆಲ್ಬಿ ಬಿಡಲಿಲ್ಲ. ಏಡಿಗೆ ತಿರುಗಿದ. ಏಡಿಯ ಪಂಜರಗಳನ್ನು ತಣ್ಣನೆಯ ನೀರಿನಿಂದ ಮೇಲೆಳೆಯಲು ಬಲಗಾಲನ್ನು ದೋಣಿಯ ಅಂಚಿಗೆ ಒತ್ತಿ ನಿಲ್ಲಬೇಕು. ವರ್ಷಗಟ್ಟಲೆ ಹಾಗೆ ನಿಂತು ಅವನ ಬಲಸೊಂಟದ ಕೀಲು ಸವೆದುಹೋಯಿತು. ಅರವತ್ತು ತುಂಬುವ ಹೊತ್ತಿಗೆ ಬೂಟು ಹಾಕಿಕೊಳ್ಳಲು ಹೆಂಡತಿ ಎಫಿ ಬೇಕಾಗುತ್ತಿದ್ದಳು.

ಅವರಿಗೆ ಮಕ್ಕಳಿರಲಿಲ್ಲ. ಡಲ್ಸಿ ಇದ್ದಳು.

ಡಲ್ಸಿಯ ಅಪ್ಪ ಅವಳು ತೊದಲುವ ವಯಸ್ಸಿನಲ್ಲೇ ಸಮುದ್ರದ ಪಾಲಾದ. ತಾಯಿ ಮೀನಿನ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿಯುತ್ತಿದ್ದಳು. ಊಟ, ಆಟ, ಬೈಗುಳ ಎಲ್ಲವೂ ಡಲ್ಸಿಗೆ ಎಫಿಯ ಅಡುಗೆಮನೆಯಲ್ಲೇ. ನಮ್ಮ ಶಾಲೆ ಎಂಟನೇ ಇಯತ್ತೆಗೆ ಮುಗಿಯುತ್ತಿತ್ತು. ಮುಂದಿನ ಓದಿಗೆ ಕಿರುಕೊಲ್ಲಿಯ ಆಚೆ ಹೋಗಬೇಕಾದಾಗ ಸೋಮವಾರ ಅವಳನ್ನು ದೋಣಿಯಲ್ಲಿ ಬಿಟ್ಟು, ಶುಕ್ರವಾರ ಕರೆತರುತ್ತಿದ್ದವನು ಸೆಲ್ಬಿ. ಆ ಕಾಲದಲ್ಲಿ ಪರೀಕ್ಷೆಯ ಉತ್ತರಪತ್ರಿಕೆಗಳು ಹಡಗು ಹತ್ತಿ ದೂರ ಹೋಗುತ್ತಿದ್ದವು. ಎಲ್ಲೋ ಕುಳಿತ ಯಾರೋ ತಿದ್ದುತ್ತಿದ್ದರು. ಅವರಿಗೆ ನಮ್ಮ ಪರಿಚಯವಿಲ್ಲ, ನಮ್ಮ ಮೇಲೆ ದಯೆಯೂ ಇಲ್ಲ. ನಮ್ಮೂರ ಮಕ್ಕಳು ಬಹಳ ಸಲ ಫೇಲಾಗುತ್ತಿದ್ದರು. ಡಲ್ಸಿಯ ಫಲಿತಾಂಶ ಬಂದ ದಿನ ಗಂಡಸರು ಯಾರೂ ದೋಣಿ ಇಳಿಸಲಿಲ್ಲ. ಅವಳು ಪಾಸಾಗಿದ್ದಾಳೆಂದು ನಾನು ಶಾಲೆಯ ಮೆಟ್ಟಿಲ ಮೇಲೆ ನಿಂತು ಕೂಗಿದಾಗ ಸೆಲ್ಬಿ ಹ್ಯಾಟು ತೆಗೆದು ನೀರಿಗೆ ಎಸೆದ. ಆಮೇಲೆ ಅದನ್ನು ಹಿಡಿಯಲು ದೋಣಿ ಇಳಿಸಿದ.

ಅವಳು ಮೂಳೆಯ ಸರ್ಜನ್ ಆದಳು. ನಮ್ಮ ದಂಡೆಯಿಂದ ಯಾರೂ ಅದುವರೆಗೆ ಡಾಕ್ಟರಾಗಿರಲಿಲ್ಲ. ಹೊರಗೆ ಕಲಿತು, ಹೊರಗೇ ಉಳಿಯಬಹುದಾಗಿದ್ದವಳು ಮರಳಿ ಬಂದು ನಮಗೆ ಹತ್ತಿರದ ಪೇಟೆಯ ಆಸ್ಪತ್ರೆಗೆ ಸೇರಿದಳು. ಬರುವಾಗ ತನ್ನದೇ ಒಂದು ವಿಧಾನವನ್ನು ತಂದಿದ್ದಳು. ಸವೆದ ಸೊಂಟದ ಕೀಲನ್ನು ತೆಗೆದು ಹೊಸದನ್ನು ಕೂರಿಸಲು ಎಲ್ಲರೂ ತೊಡೆಯ ಪಕ್ಕವನ್ನು ಉದ್ದಕ್ಕೆ ಸೀಳುತ್ತಿದ್ದರೆ, ಇವಳು ಮುಂಭಾಗದಲ್ಲಿ ಬೆರಳುದ್ದದ ಸೀಳು ಮಾಡಿ ಅದರೊಳಗಿಂದಲೇ ಕೆಲಸ ಮುಗಿಸುತ್ತಿದ್ದಳು. ಲೋಹದ ಬಟ್ಟಲು, ಅದರೊಳಗೆ ತಿರುಗುವ ಲೋಹದ ಗುಂಡು. ಮಾಂಸಕ್ಕೆ ಪೆಟ್ಟು ಕಡಿಮೆ. ಚಳಿಗಾಲದಲ್ಲಿ ಮಾಡಿಸಿಕೊಂಡವನು ವಸಂತಕ್ಕೆ ದೋಣಿ ಹತ್ತಬಹುದು. ಮೀನುಗಾರನಿಗೆ ಇದಕ್ಕಿಂತ ಬೇರೇನು ಬೇಕು?

ಆದರೆ ಒಳ್ಳೆಯದೆಂದು ಅವಳು ನಂಬಿದರೆ ಸಾಲದು, ತೋರಿಸಬೇಕಿತ್ತು. ಅದಕ್ಕಾಗಿ ಒಂದು ಅಧ್ಯಯನಕ್ಕೆ ಅನುಮತಿ ಪಡೆದು, ನಮ್ಮ ಚರ್ಚಿನ ಹಾಲಿಗೆ ಬಂದು ಎಲ್ಲರಿಗೂ ತಿಳಿಸಿ ಹೇಳಿದಳು.

"ನಾನು ಚೆನ್ನಾಗಾಯ್ತು ಅಂದ್ರೆ ಅದಕ್ಕೆ ಬೆಲೆ ಇಲ್ಲ. ನೀವು ಹೇಳ್ಬೇಕು. ಆಪರೇಷನ್ ಆದ್ಮೇಲೆ ಆಗಾಗ ನಗರದಿಂದ ಫೋನ್ ಮಾಡಿ ಕೇಳ್ತಾರೆ. ನೋವಿದೆಯಾ, ನಡೀತೀರಾ, ಮೆಟ್ಟಿಲು ಹತ್ತುತೀರಾ ಅಂತ. ನೀವು ಅಂಕ ಕೊಡ್ಬೇಕು. ನಿಮ್ಮ ಅಂಕದ ಮೇಲೆಯೇ ಇದು ನಿಲ್ಲೋದು, ಬೀಳೋದು."

ಹಿಂದಿನ ಬೆಂಚಿನಿಂದ ಹೇವರ್ಡ್ ಎದ್ದ. ಸೆಲ್ಬಿಯ ದೋಣಿಯಲ್ಲಿ ಪಾಲುದಾರ, ಬಾಯಿಗೆ ಬೀಗವಿಲ್ಲದ ಮನುಷ್ಯ. "ಅಂದ್ರೆ ಈ ಸಲ ಪರೀಕ್ಷೆ ನಿನ್ನದು, ಪೇಪರ್ ತಿದ್ದೋರು ನಾವು!"

ಹಾಲಿಗೆ ಹಾಲೇ ನಕ್ಕಿತು. ಡಲ್ಸಿಯೂ ನಕ್ಕಳು. "ಹೂಂ ಹೇವರ್ಡ್ ಮಾಮ, ಹಾಗೇ ಅಂದ್ಕೊಳ್ಳಿ."

ಅವಳಿಗೆ ಅದು ತಮಾಷೆ. ಉಳಿದವರು ಮಾತ್ರ ನಗು ನಿಂತ ಮೇಲೂ ಅದನ್ನು ಅವಳ ಪರೀಕ್ಷೆಯೆಂದೇ ಅಂದುಕೊಂಡರು.

ಮೊದಲು ಮಾಡಿಸಿಕೊಂಡವನು ಸೆಲ್ಬಿ. ಆ ವಸಂತದಲ್ಲಿ ಅವನನ್ನು ನೀವು ನೋಡಬೇಕಿತ್ತು. ದೋಣಿ ಕಟ್ಟುವ ಧಕ್ಕೆಯ ಮೇಲೆ ಹುಡುಗನಂತೆ ಓಡಾಡಿದ. ಅವನ ಹಿಂದೆ ಹೇವರ್ಡ್, ಹೇವರ್ಡನ ಹೆಂಡತಿ ಬ್ಲಾಂಚ್, ಆಚೀಚೆಯ ಕೊಲ್ಲಿಗಳವರು, ಒಬ್ಬರಾದ ಮೇಲೆ ಒಬ್ಬರು ಹೋಗಿ ಹೊಸ ಸೊಂಟ ಹಾಕಿಸಿಕೊಂಡು ಬಂದರು. ಮೊದಲ ವರ್ಷ ಅವರು ಕೊಟ್ಟ ಅಂಕ ನಿಜವಾದದ್ದೇ.

ಎರಡನೆಯ ವರ್ಷ ಸೆಲ್ಬಿ ಹಾಸಿಗೆಯನ್ನು ಮಹಡಿಯಿಂದ ಕೆಳಗಿಳಿಸಿದ. ಅಡುಗೆಮನೆಯ ಒಲೆಯ ಪಕ್ಕದ ಉದ್ದ ಮಂಚದ ಮೇಲೆಯೇ ಮಲಗತೊಡಗಿದ. "ಇಲ್ಲಿ ಬೆಚ್ಚಗಿರುತ್ತೆ" ಎಂದ. ಅದೇ ಮಂಚದ ತುದಿಯಲ್ಲಿ ನಾನು ಚಹಾ ಕುಡಿಯುತ್ತ ಕುಳಿತಿದ್ದಾಗ ನಗರದಿಂದ ಫೋನ್ ಬಂತು. ಕಿವಿ ಮಂದವಾಗುತ್ತ ಬಂದಿದ್ದರಿಂದ ಪ್ರತಿ ಪ್ರಶ್ನೆಯನ್ನೂ ಗಟ್ಟಿಯಾಗಿ ತಿರುಗಿ ಹೇಳುತ್ತಿದ್ದ. ಹಾಗಾಗಿ ನನಗೂ ಎಲ್ಲ ಕೇಳಿಸಿತು.

"ಏನಮ್ಮ? ಮೆಟ್ಟಿಲಾ? ಮೆಟ್ಟಿಲು ಹತ್ತೋಕೆ ತೊಂದರೆ ಉಂಟಾ? ಏನೇನೂ ಇಲ್ಲ. ಹ್ಞಾಂ? ನಿದ್ದೇಲಿ ನೋವಾ? ನಾನು ಮಲಗಿದ್ರೆ ಸತ್ತ ಹಾಗೆ, ನಮ್ಮ ಎಫಿನ ಕೇಳು. ಏನು? ಬಜಾರಿಗೆ ನಡ್ಕೊಂಡು ಹೋಗ್ತೀರಾ? ನಮ್ಮೂರಲ್ಲಿ ಬಜಾರೇ ಇಲ್ವಲ್ಲ ಮಗಾ! ಇದ್ದಿದ್ರೆ ಓಡ್ಕೊಂಡು ಹೋಗ್ತಿದ್ದೆ. ಬರ್ಕೊ, ಪೂರ್ತಿ ಅಂಕ."

ಫೋನ್ ಇಟ್ಟು, ಗೋಡೆ ಹಿಡಿದು ಮಂಚಕ್ಕೆ ಬಂದ. ಹಣೆಯ ಮೇಲೆ ಬೆವರಿತ್ತು.

"ಸುಳ್ಳು ಹೇಳ್ತೀಯಲ್ಲೋ" ಎಂದೆ.

"ಎಲ್ಲಿ ಹೇಳ್ದೆ? ಮೆಟ್ಟಿಲು ಹತ್ತೋಕೆ ತೊಂದರೆನಾ ಅಂದ್ಲು. ನಾನು ಹತ್ತೋದೇ ಇಲ್ಲ. ತೊಂದರೆ ಎಲ್ಲಿಂದ ಬಂತು?"

"ಸೆಲ್ಬಿ, ಅದು ಶಾಲೆಯ ಅಂಕ ಅಲ್ಲ ಕಣೋ. ದೋಣಿಗೆ ತೂತು ಬಿದ್ದಿದೆಯಾ ಅಂತ ಅವರು ಕೇಳ್ತಿದ್ದಾರೆ. ಬಿದ್ದಿದ್ರೆ ಹೇಳ್ಬೇಕಪ್ಪ."

"ದೋಣಿ ಕಟ್ಟಿದ್ದು ನಮ್ಮ ಹುಡುಗಿ" ಎಂದ. ಅಲ್ಲಿಗೆ ಮಾತು ಮುಗಿಯಿತು ಎಂಬಂತೆ ಬ್ರೆಡ್ಡಿಗೆ ಜಾಮ್ ಹಚ್ಚತೊಡಗಿದ.

ಎಫಿ ಒಲೆಯ ಕಡೆ ಮುಖ ಮಾಡಿ ನಿಂತಿದ್ದಳು. "ಅವರ ಜೊತೆ ವಾದ ಮಾಡ್ಬೇಡಿ ಮೇಷ್ಟ್ರೇ, ನಾನು ಮಾಡಿ ಸಾಕಾಗಿದೆ. ಡಲ್ಸಿ ಫೇಲಾದ್ರೆ ಅವಳನ್ನ ಇಲ್ಲಿಂದ ಕಳಿಸ್ತಾರಂತೆ. ಆಮೇಲೆ ನಮ್ಮ ದಂಡೆಯ ಮಕ್ಕಳನ್ನ ಡಾಕ್ಟ್ರ ಓದಿಗೆ ಯಾರೂ ಸೇರಿಸ್ಕೊಳ್ಳಲ್ವಂತೆ. ಇದನ್ನೆಲ್ಲ ಇವರಿಗೆ ಯಾರು ಹೇಳಿದ್ರೋ ದೇವರಿಗೇ ಗೊತ್ತು."

ಯಾರೂ ಹೇಳಿರಲಿಲ್ಲ. ಧಕ್ಕೆಯ ಮೇಲೆ ಬಲೆ ಹೊಲಿಯುತ್ತ ಅವರವರೇ ಹೇಳಿಕೊಂಡಿದ್ದರು. ಫೋನಿನಲ್ಲಿ ಯಾರ ಸೊಂಟವೂ ನೋಯುತ್ತಿರಲಿಲ್ಲ, ಯಾರ ಅಂಕವೂ ಕಡಿಮೆಯಾಗುತ್ತಿರಲಿಲ್ಲ.

ಪೇಟೆಯಲ್ಲಿ ಡಲ್ಸಿಯೇ ನೋಡುವ ತಪಾಸಣೆಗೆ ಅವನನ್ನು ನನ್ನ ಗಾಡಿಯಲ್ಲಿ ಕರೆದುಕೊಂಡು ಹೋದೆ. ದಾರಿಯಲ್ಲಿ ಅವನು ಎಫಿಯ ನೋವಿನ ಮಾತ್ರೆಗಳನ್ನು ನುಂಗಿದ. ಊರುಗೋಲನ್ನು ಸೀಟಿನಡಿಗೆ ತಳ್ಳಿದ. "ಒಳಗೆ ಬಾಯಿ ಬಿಟ್ಯೋ, ವಾಪಸ್ಸು ನೀನು ನಡ್ಕೊಂಡು ಬರ್ತೀಯ" ಎಂದ. ಗಾಡಿ ನನ್ನದೆಂದು ನೆನಪಿಸಿದೆ. "ಅದಕ್ಕೇ ಹೇಳಿದ್ದು, ನಾನು ಓಡಿಸ್ಕೊಂಡು ಬಂದ್ಬಿಡ್ತೀನಿ."

ನಾನು ಬಾಯಿ ಬಿಟ್ಟೆ. ಡಲ್ಸಿಯ ಕೋಣೆಯೊಳಗೆ ಕೂತ ಕೂಡಲೇ ಹೇಳಿದೆ. ಇವನು ಮಹಡಿ ಹತ್ತಿ ತಿಂಗಳುಗಳಾದವು, ರಾತ್ರಿ ನಿದ್ದೆಯಿಲ್ಲ, ನಿನ್ನ ಮುಂದೆ ನಟಿಸುತ್ತಿದ್ದಾನೆ ಎಂದು.

ಅವಳ ನಗು ಮಾಯವಾಯಿತು. "ಹೌದಾ ಮಾಮ?"

ಸೆಲ್ಬಿ ತಲೆ ಹಿಂದೆ ಹಾಕಿ ನಕ್ಕ. "ಪುಸ್ತಕ ಓದಿ ಓದಿ ಇವನಿಗೆ ಎಲ್ಲರೂ ಸಾಯೋರ ಹಾಗೇ ಕಾಣ್ತಾರೆ ಕೂಸೇ. ಕೆಳಗೆ ಮಲಗೋದು ಒಲೆ ಬೆಚ್ಚಗಿರುತ್ತೆ ಅಂತ. ನೋಡು ಬೇಕಾದ್ರೆ." ಎದ್ದು ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ನಡೆದ. ನೆಟ್ಟಗೆ. ತಿರುಗಿ ಬಂದು ಅವಳ ಮೇಜಿನ ಅಂಚಿನ ಮೇಲೆ ಎರಡು ಬೆರಳಿನಿಂದ ತಾಳ ಹಾಕಿದ. ಆ ತಾಳ ಅವನು ಬೀಳದಿರಲು ಹಿಡಿದ ಆಸರೆಯೆಂದು ನನಗೆ ಮಾತ್ರ ಗೊತ್ತಿತ್ತು.

ಡಲ್ಸಿ ಎಕ್ಸ್‌ರೇಯನ್ನು ಮತ್ತೆ ಬೆಳಕಿಗಿಟ್ಟು ನೋಡಿದಳು. ಸುಮ್ಮನೆ ತಳ್ಳಿಹಾಕಲಿಲ್ಲ, ಬಹಳ ಹೊತ್ತು ನೋಡಿದಳು. "ಬಟ್ಟಲು ಒಂಚೂರು ಕಡಿದಾಗಿ ಕೂತಿದೆ. ಸಣ್ಣ ಸೀಳಿನೊಳಗಿಂದ ಕೂರಿಸೋವಾಗ ಹಾಗಾಗುತ್ತೆ. ಆದ್ರೆ ಮಿತಿಯೊಳಗೇ ಇದೆ. ಮೂಳೆ ಚೆನ್ನಾಗಿ ಹಿಡ್ಕೊಂಡಿದೆ." ಆಮೇಲೆ ನನ್ನ ಕಡೆ ತಿರುಗಿ, "ಮೇಷ್ಟ್ರೇ, ಪರೀಕ್ಷೆಗೆ ಹೋಗೋವಾಗ್ಲೂ ನನಗಿಂತ ನಿಮಗೇ ಭಯ ಜಾಸ್ತಿ ಇರ್ತಿತ್ತು" ಎಂದು ಮೆಲ್ಲಗೆ ನಕ್ಕಳು.

ಕಡಿದಾಗಿ ಕೂತ ಬಟ್ಟಲಿನ ಅಂಚಿಗೆ ಗುಂಡು ಉಜ್ಜುತ್ತದೆ, ಉಜ್ಜಿದಲ್ಲಿ ಕಣ್ಣಿಗೆ ಕಾಣದ ಲೋಹದ ಹುಡಿ ಉದುರುತ್ತದೆ, ಆ ಹುಡಿ ಸುತ್ತಲಿನ ಮಾಂಸವನ್ನು ಕೊಳೆಸುತ್ತದೆ, ರಕ್ತಕ್ಕಿಳಿದು ಕಿವಿಯನ್ನೂ ಹೃದಯವನ್ನೂ ಕೆಡಿಸುತ್ತದೆ. ಇದೆಲ್ಲ ನನಗೆ ಈಗ ಗೊತ್ತು. ಆಗ ಅವಳಿಗೂ ಗೊತ್ತಿರಲಿಲ್ಲ. ಅಂಥ ಕೀಲುಗಳ ಬಗ್ಗೆ ಅಲ್ಲೊಬ್ಬರು ಇಲ್ಲೊಬ್ಬರು ಅನುಮಾನಪಡಲು ಶುರುಮಾಡಿದ್ದರಷ್ಟೇ. ಕೊಳೆತ ಮಾಂಸ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಅದನ್ನು ಹೇಳಬಲ್ಲದ್ದು ನೋವೊಂದೇ. ನೋವಿನ ಬಾಯನ್ನು ಸೆಲ್ಬಿ ಮುಚ್ಚಿದ್ದ.

ಗಾಡಿಯ ಹತ್ತಿರ ಬಂದಾಗ ಕಾಲನ್ನು ಎತ್ತಿ ಒಳಗಿಡಲಾಗಲಿಲ್ಲ. ಪ್ಯಾಂಟು ಹಿಡಿದು ನಾನೇ ಎತ್ತಿಟ್ಟೆ. ಕೆಳತುಟಿ ಕಚ್ಚಿ ರಕ್ತ ಬಂದಿತ್ತು. ನಾನು ಮತ್ತೆ ಆಸ್ಪತ್ರೆಯ ಕಡೆ ತಿರುಗಿದ್ದನ್ನು ನೋಡಿ ಮಣಿಕಟ್ಟು ಹಿಡಿದ. "ಈಗ ಒಳಗೆ ಹೋದ್ರೆ ನನಗೂ ನಿನಗೂ ಇಲ್ಲಿಗೆ ತೀರ್ತು."

ಹೋದೆ. ಡಲ್ಸಿ ಅಷ್ಟರಲ್ಲಿ ಆಪರೇಷನ್ ಕೋಣೆಗೆ ಹೋಗಿದ್ದಳು. ನರ್ಸಿಗೆ ಎಲ್ಲ ಹೇಳಿ ಬಂದೆ. ಸಂಜೆ ಡಲ್ಸಿ ಅವನಿಗೆ ಫೋನ್ ಮಾಡಿದಳಂತೆ. ಗಾಡಿ ಹತ್ತುವಾಗ ಕಾಲು ಜಾರಿತು, ಮೇಷ್ಟ್ರಿಗೆ ವಯಸ್ಸಾಯಿತು, ಇಲ್ಲಸಲ್ಲದ್ದು ಕಾಣುತ್ತದೆ ಎಂದನಂತೆ. ಆ ಬೇಸಿಗೆ ಪೂರ್ತಿ ಸೆಲ್ಬಿ ನನ್ನ ಜೊತೆ ಮಾತಾಡಲಿಲ್ಲ. ಚರ್ಚಿನಲ್ಲಿ ಒಂದೇ ಬೆಂಚಿನ ಎರಡು ತುದಿಗಳಲ್ಲಿ ಕುಳಿತೆವು. ಅದೇ ಬೇಸಿಗೆಯಲ್ಲಿ ಡಲ್ಸಿ ದೊಡ್ಡ ಸಮ್ಮೇಳನವೊಂದರಲ್ಲಿ ತನ್ನ ಎರಡು ವರ್ಷದ ಫಲಿತಾಂಶ ಓದಿದಳು. ಅಷ್ಟು ಒಳ್ಳೆಯ ಅಂಕಗಳನ್ನು ಯಾರೂ ಕಂಡಿರಲಿಲ್ಲವಂತೆ. ಬೇರೆ ಪ್ರಾಂತ್ಯಗಳ ಸರ್ಜನ್‌ಗಳು ಬಂದು ಅವಳ ಕೈಕೆಲಸ ನೋಡಿ ಕಲಿತು ಹೋದರು. ನಮ್ಮ ಹಾಲಿನಲ್ಲಿ ಊಟ, ಅಕಾರ್ಡಿಯನ್, ಕುಣಿತ. ಕುಣಿಯುವವರು ಮಾತ್ರ ಕಡಿಮೆಯಿದ್ದರು. ಗೋಡೆಗೆ ಒರಗಿ ಚಪ್ಪಾಳೆ ತಟ್ಟಿದವರೇ ಹೆಚ್ಚು.

ಎಲೆ ಉದುರುವ ಕಾಲಕ್ಕೆ ಎಫಿ ನನ್ನ ಬಾಗಿಲಿಗೆ ಬಂದಳು. "ಸಿಟ್ಟೆಲ್ಲ ಆಮೇಲೆ ಮಾಡ್ಕೊಳ್ಳಿ. ಈಗ ಬನ್ನಿ." ಸೆಲ್ಬಿ ಧಕ್ಕೆಯ ಮೇಲೆ ಏಡಿಯ ಪಂಜರಗಳ ಮಧ್ಯೆ ಕೂತಿದ್ದ. ಸೊಂಟ ನೋಯುತ್ತಿದ್ದರೂ ಅಲ್ಲಿಯವರೆಗೆ ಹೋಗಿದ್ದ, ಮನೆಗೆ ಮರಳಿ ಏರಲು ಉಸಿರಿರಲಿಲ್ಲ.

"ಬಂದ್ಯಾ" ಎಂದ. "ಮಾತು ಬಿಟ್ಟಿದ್ದು ಮರ್ತೇ ಹೋಗಿತ್ತು ನೋಡು."

ದೋಣಿಯ ಸದ್ದಿನಿಂದಲೇ ಅದು ಯಾರದೆಂದು ಹೇಳುತ್ತಿದ್ದವನು ಹಿಂದಿನಿಂದ ನಾನು ಕೂಗಿದ್ದನ್ನು ಕೇಳಿಸಿಕೊಂಡಿರಲಿಲ್ಲ. ನಾವಿಬ್ಬರೂ ಅವನನ್ನು ಅಕ್ಕಪಕ್ಕ ಹಿಡಿದು, ನಿಲ್ಲಿಸಿ ನಿಲ್ಲಿಸಿ, ಮನೆಗೆ ತಂದೆವು. ಕ್ಲಿನಿಕ್ಕಿನ ನರ್ಸ್ ಬಂದು ಹೃದಯ ದಣಿದಿದೆಯೆಂದಳು, ಮಾತ್ರೆ ಕೊಟ್ಟಳು. ಸೊಂಟಕ್ಕೂ ಹೃದಯಕ್ಕೂ ನಂಟು ಹಾಕುವುದು ಯಾರಿಗೂ ಹೊಳೆಯಲಿಲ್ಲ. ಡಲ್ಸಿಗೆ ತಿಳಿಸಬಾರದೆಂದು ಸೆಲ್ಬಿ ಎಫಿಯಿಂದ ಬೈಬಲ್ಲಿನ ಮೇಲೆ ಆಣೆ ಮಾಡಿಸಿಕೊಂಡ. ನನ್ನಿಂದ ಮಾಡಿಸಿಕೊಳ್ಳಲಿಲ್ಲ, ನಾನು ಮಾಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ನಾನು ತಿಳಿಸಿದೆ. ಡಲ್ಸಿ ಆಗ ಹೊರದೇಶದಲ್ಲಿದ್ದಳು. ಕ್ರಿಸ್‌ಮಸ್ಸಿಗೆ ನೇರ ಡಾರ್ಬಿ ಕೋವಿಗೇ ಬರುತ್ತೇನೆ, ನಾನೇ ನೋಡುತ್ತೇನೆ ಎಂದಳು.

ಕ್ರಿಸ್‌ಮಸ್ಸಿನ ಹನ್ನೆರಡು ದಿನ ನಮ್ಮಲ್ಲಿ ವೇಷದವರು ಮನೆಮನೆಗೆ ಬರುತ್ತಾರೆ. ಗಂಡಸು ಹೆಂಗಸಿನ ಲಂಗ ತೊಡುತ್ತಾನೆ, ಹೆಂಗಸು ರಬ್ಬರ್ ಬೂಟು, ಮೀನುಗಾರರ ಎಣ್ಣೆಬಟ್ಟೆಯ ಮಳೆಕೋಟು ಹಾಕಿಕೊಳ್ಳುತ್ತಾಳೆ. ಹೊಟ್ಟೆಗೆ ದಿಂಬು, ಬೆನ್ನಿಗೆ ಗೂನು, ಮುಖಕ್ಕೆ ಕಿಟಕಿಯ ಜಾಲರಿ ಪರದೆ. ಗುರುತು ಸಿಗಬಾರದೆಂದು ಉಸಿರನ್ನು ಒಳಗೆಳೆಯುತ್ತ ಮಾತಾಡುತ್ತಾರೆ. ಕುಂಟುತ್ತಾರೆ, ತೂರಾಡುತ್ತಾರೆ. ಯಾರೆಂದು ಮನೆಯವರು ಹೇಳಬೇಕು. ಸರಿಯಾಗಿ ಹೇಳಿದರೆ ವೇಷದವನು ಮುಸುಕು ತೆಗೆಯಬೇಕು. ಆಮೇಲೆ ಕೇಕು, ರಮ್.

ಡಲ್ಸಿ ಬಂದ ದಿನ ಸಂಜೆ ನಾವು ಸೆಲ್ಬಿಯ ಅಡುಗೆಮನೆಯಲ್ಲಿದ್ದೆವು. ಅವನು ಮಂಚದ ಮೇಲೆ ಕಂಬಳಿ ಹೊದ್ದು, ನೆಗಡಿಯೆಂದು ಹೇಳಿಕೊಂಡು ಕೂತಿದ್ದ. ಡಲ್ಸಿ ಅವನ ನಾಡಿ ಹಿಡಿದು ಕೂತಾಗಲೇ ಬಾಗಿಲು ಬಡಿಯಿತು. "ವೇಷದವರನ್ನ ಒಳಗೆ ಬಿಡ್ತೀರಾ?"

"ಬಿಟ್ಟೆ ಬನ್ನಿ!" ಎಂದು ಸೆಲ್ಬಿ ಕೂಗಿದ. ಕೈ ಬಿಡಿಸಿಕೊಳ್ಳಲು ಅವನಿಗೆ ಅಷ್ಟು ಸಾಕಿತ್ತು.

ಐದಾರು ಜನ ಹಿಮ ಕೊಡವುತ್ತ ನುಗ್ಗಿದರು. ಮುಂದೆ ಒಬ್ಬ ದಪ್ಪ 'ಹೆಂಗಸು', ಹೂವಿನ ಲಂಗ. ಒಲೆಯ ಸುತ್ತ ಒಂದು ಸುತ್ತು ಕುಣಿದು ಎಫಿಯ ಕೆನ್ನೆಗೆ ಮುತ್ತು ಕೊಟ್ಟಳು.

ಡಲ್ಸಿ ಚಪ್ಪಾಳೆ ತಟ್ಟಿದಳು. ಪುಟ್ಟ ಹುಡುಗಿಯಾಗಿದ್ದಾಗಿನ ಮುಖವೇ ಅದು. "ಹೇವರ್ಡ್ ಮಾಮ! ಆ ಸೊಂಟ ನಾನೇ ಹಾಕಿದ್ದು, ನನಗೆ ಗುರುತು ಸಿಗಲ್ವಾ?"

ಎಲ್ಲರೂ ಹೋ ಎಂದರು. 'ಹೆಂಗಸು' ಮುಸುಕು ಎತ್ತದೆ ಇನ್ನೊಂದು ಸುತ್ತು ಹೊರಟಳು. ಪ್ರತಿ ಹೆಜ್ಜೆಗೂ ಮೈ ಬಲಕ್ಕೆ ವಾಲುತ್ತಿತ್ತು.

"ಹಿಂದೆ ಎಣ್ಣೆಬಟ್ಟೆಯೋರು ಬ್ಲಾಂಚ್ ಅತ್ತೆ. ಎಡಗಡೆ ಸೊಂಟ." ಬ್ಲಾಂಚ್ ಎಡಕ್ಕೆ ವಾಲುತ್ತ ನಡೆದಳು. ಡಲ್ಸಿ ಮೂರನೆಯವರನ್ನು ನೋಡಿದಳು. ನಾಲ್ಕನೆಯವರನ್ನೂ ನೋಡಿದಳು. ಅವಳ ಕೈಗಳು ಚಪ್ಪಾಳೆಯ ನಡುವೆ ನಿಂತವು.

"ಇನ್ನೊಂದ್ಸಲ ನಡೀರಿ."

ನಡೆದರು. ವೇಷದೊಳಗೆ ಯಾರೂ ಯಾರಿಗೂ ಅಂಕ ಕೊಡಬೇಕಾಗಿರಲಿಲ್ಲ. ತಿಂಗಳುಗಳಿಂದ ಬಿಗಿಹಿಡಿದು ನಡೆದವರು ಆ ಸಂಜೆ ಮಾತ್ರ ಮೈ ಸಡಿಲ ಬಿಟ್ಟಿದ್ದರು. ಎಲ್ಲರೂ ಒಂದೇ ರೀತಿ ವಾಲುತ್ತಿದ್ದರು, ಅವಳು ಕೂರಿಸಿದ ಬಟ್ಟಲು ಯಾವ ಕಡೆ ಇತ್ತೋ ಆ ಕಡೆಗೆ.

"ಹೇವರ್ಡ್ ಮಾಮ, ಇದು ವೇಷದ ನಡಿಗೆನಾ?"

"ವೇಷ, ವೇಷ" ಎಂದು ಹೂವಿನ ಲಂಗ ಉಸಿರು ಒಳಗೆಳೆದುಕೊಂಡು ಹೇಳಿತು.

"ಹಾಗಾದ್ರೆ ಮುಸುಕು ತೆಗೀರಿ. ಗುರುತು ಹಿಡಿದೆನಲ್ಲ."

ಯಾರೂ ತೆಗೆಯಲಿಲ್ಲ. ಇಷ್ಟು ವರ್ಷದಲ್ಲಿ ಆ ನಿಯಮ ಮುರಿದದ್ದನ್ನು ನಾನು ಕಂಡಿರಲಿಲ್ಲ. ಕೇಕನ್ನೂ ಮುಟ್ಟದೆ, ಒಬ್ಬರನ್ನೊಬ್ಬರು ತಳ್ಳುತ್ತ, ನಗುವಿನ ಸದ್ದು ಮಾಡುತ್ತ ಬಾಗಿಲಿನಿಂದ ಹೊರಬಿದ್ದರು. ಅವಸರದಲ್ಲಿ ಅವರ ಕುಂಟು ಇನ್ನೂ ಹೆಚ್ಚಿತು.

ಡಲ್ಸಿ ಸೆಲ್ಬಿಯ ಕಡೆ ತಿರುಗಿದಳು. "ಮಾಮ, ಎದ್ದು ನಿಲ್ಲಿ."

"ನಾನು ವೇಷ ಹಾಕಿಲ್ವಲ್ಲ ಕೂಸೇ."

"ನಿಲ್ಲಿ ಮಾಮ."

ಅವನು ಕಂಬಳಿ ಸರಿಸಿ, ಮಂಚಕ್ಕೆ ಕೈ ಊರಿ, ಏಳಲು ನೋಡಿದ. ಮತ್ತೊಮ್ಮೆ ನೋಡಿದ. ಮುಖದ ಮೇಲಿನ ನಗು ಹಾಗೇ ಇತ್ತು, ಮೈ ಮಾತ್ರ ಮೇಲೇಳಲಿಲ್ಲ.

ಎಫಿ ಆಣೆ ಮುರಿದಳು. ನಿಂತಲ್ಲಿಂದಲೇ ಎಲ್ಲ ಹೇಳಿದಳು. ಪರೀಕ್ಷೆ, ಪೂರ್ತಿ ಅಂಕ, ಪಾಸಾಗಬೇಕಾದ ಡಲ್ಸಿ. ಡಲ್ಸಿಗೆ ಮೊದಲು ಅರ್ಥವೇ ಆಗಲಿಲ್ಲ. "ಯಾವ ಪರೀಕ್ಷೆ? ನಾನು ಯಾವ ಪರೀಕ್ಷೆಗೆ ಕೂತಿದ್ದೆ?" ಎಂದು ಕೇಳುತ್ತಲೇ ಇದ್ದಳು. ಅರ್ಥವಾದಾಗ ನೆಲದ ಮೇಲೆ ಕುಕ್ಕರಿಸಿ, ಸೆಲ್ಬಿಯ ಮೊಣಕಾಲಿಗೆ ಹಣೆ ಇಟ್ಟಳು. ಅವನು ಅವಳ ತಲೆ ಸವರುತ್ತ, "ಏನಂತೆ ಇವಳಿಗೆ?" ಎಂದು ನನ್ನನ್ನು ಕೇಳಿದ.

ನಗರದ ಆಸ್ಪತ್ರೆಯಲ್ಲಿ ರಕ್ತ ನೋಡಿದರು. ಅದರಲ್ಲಿ ಲೋಹ ತುಂಬಿತ್ತು. ಸೊಂಟದ ಸುತ್ತ ಬೂದು ಕೊಳೆನೀರಿನ ಚೀಲ ಕಟ್ಟಿಕೊಂಡಿತ್ತು, ಮಾಂಸಖಂಡ ಹೋಗಿತ್ತು. ಹೃದಯ ಊದಿಕೊಂಡಿತ್ತು. ಲೋಹ ಒಳಗಿರುವವರೆಗೆ ಹೃದಯ ಸುಧಾರಿಸುವುದಿಲ್ಲ, ಇಂಥ ಹೃದಯವಿಟ್ಟುಕೊಂಡು ಲೋಹ ತೆಗೆಯುವುದು ಅಪಾಯ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ತೆಗೆಯುವುದೆಂದು ನಿರ್ಧಾರವಾಯಿತು. ತಾನು ಚಾಕು ಹಿಡಿಯಲಾರೆನೆಂದು ಡಲ್ಸಿ ಇನ್ನೊಬ್ಬ ಸರ್ಜನ್ನನ್ನು ಕೇಳಿಕೊಂಡಳು.

ಹಿಂದಿನ ದಿನ ಅವಳು ಹಾಸಿಗೆಯ ಪಕ್ಕ ನಿಂತು ಅವನನ್ನು ಬೈದಳು. ನಾನಲ್ಲೇ ಇದ್ದೆ. "ಒಂದು ಮಾತು ಹೇಳಿದ್ರೆ ಸಾಕಿತ್ತು. ಒಂದೇ ಒಂದು! ಆವಾಗ್ಲೇ ತೆಗೆದು ಬೇರೆ ಥರದ್ದು ಹಾಕ್ತಿದ್ದೆ, ಈ ವಸಂತಕ್ಕೆ ದೋಣಿ ಹತ್ತುತಿದ್ರಿ. ನನ್ನ ಹೆಸರಂತೆ! ನನ್ನ ಹೆಸರು ಸಮುದ್ರಕ್ಕೆ ಬೀಳ್ಲಿ!"

"ಏನಂತಾಳೆ?" ಎಂದ ಸೆಲ್ಬಿ ನನಗೆ.

ಕಿವಿಯ ಹತ್ತಿರ ಬಾಗಿ ಕೂಗಿದೆ. "ನಿನ್ನ ಮೇಲೆ ಸಿಟ್ಟಾಗಿದ್ದಾಳೆ."

"ಆಗ್ಲಿ ಬಿಡು. ಸಣ್ಣವಳಿದ್ದಾಗ್ಲೂ ದೋಣೀಲಿ ಹೀಗೇ ಕಿರುಚ್ತಿದ್ಲು. ಗಾಳಿಗೆ ಏನೂ ಕೇಳಿಸ್ತಿರಲಿಲ್ಲ."

ಆಪರೇಷನ್ ಚೆನ್ನಾಗಿಯೇ ಆಯಿತು. ಲೋಹ ಹೊರಬಂತು. ಹೃದಯ ತಡೆಯಲಿಲ್ಲ. ಎಫಿ ಅವನ ಒಂದು ಕೈ ಹಿಡಿದಿದ್ದಳು, ಡಲ್ಸಿ ಇನ್ನೊಂದು. ನಾನು ಪಾದ ಹಿಡಿದಿದ್ದೆ. ಹಿಡಿಯಲು ಬೇರೆ ಏನೂ ಉಳಿದಿರಲಿಲ್ಲ.

ನೆಲ ಹೆಪ್ಪುಗಟ್ಟಿತ್ತು. ಗುಂಡಿ ತೋಡಲು ರಸ್ತೆ ಕೆಲಸದವರ ಯಂತ್ರ ತರಿಸಬೇಕಾಯಿತು. ಶವವಿಟ್ಟ ಮುಂಗೋಣೆಗೆ ದಂಡೆಯ ಜನವೆಲ್ಲ ಬಂದರು, ಮತ್ತು ಒಬ್ಬೊಬ್ಬರೂ ಡಲ್ಸಿಯ ಹತ್ತಿರ ಬಂದು ಅವಳ ಕೈ ಹಿಡಿದು ಹೇಳಿದರು. "ವಯಸ್ಸಾಗಿತ್ತು ಕೂಸೇ, ಹೃದಯ." "ನಿನ್ನ ತಪ್ಪೇನಿಲ್ಲ ಮಗಾ. ನನ್ನದು ನೋಡು, ಫಸ್ಟ್ ಕ್ಲಾಸಾಗಿದೆ." ಕಾಫಿನ್ನಿನ ಸುತ್ತ ಅವರು ಅವಳಿಗಾಗಿ ನೆಟ್ಟಗೆ ನಡೆದರು. ಅವಳು ದುಃಖದಲ್ಲಿದ್ದದ್ದರಿಂದ ಮೊದಲಿಗಿಂತಲೂ ಹೆಚ್ಚು ಜಾಗ್ರತೆಯಿಂದ ಸುಳ್ಳು ಹೇಳಿದರು. ಡಲ್ಸಿ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬೇಡಿಕೊಂಡಳು, ದಯವಿಟ್ಟು ನಿಜ ಹೇಳಿ ಎಂದು. ಅವರು ಅವಳ ಬೆನ್ನು ತಟ್ಟಿ ಚಹಾ ಕುಡಿಸಿದರು.

ಸಮಾಧಿಯಾದ ಮರುದಿನ ಅವಳು ನನ್ನ ಮನೆಗೆ ಬಂದಳು. ಕಣ್ಣು ಬಾತಿದ್ದವು. "ಮೇಷ್ಟ್ರೇ, ಬೇರೆ ಕಡೆಯವರಿಗೆಲ್ಲ ಹೇಳಿದೆ, ಈ ವಿಧಾನ ನಿಲ್ಲಿಸಿ ಅಂತ. ಎರಡು ವರ್ಷದ ಅಂಕ ಇಷ್ಟು ಚೆನ್ನಾಗಿದೆ, ಒಬ್ಬರ ಸಾವಿಂದ ಏನು ಗೊತ್ತಾಗುತ್ತೆ ಅಂತಾರೆ. ದುಃಖದಲ್ಲಿ ಮಾತಾಡ್ತಿದ್ದೀಯ ಅಂತಾರೆ. ಈ ವಾರಾನೂ ಯಾರಿಗೋ ಹಾಕ್ತಿದ್ದಾರೆ. ಮುಂದಿನ ವಾರಾನೂ ಹಾಕ್ತಾರೆ. ಇಲ್ಲಿಯವರು ಬಾಯಿ ಬಿಡದೆ ನನ್ನ ಕೈಲಿ ಏನೂ ಇಲ್ಲ."

ಅವಳನ್ನು ಎಫಿಯ ಹತ್ತಿರ ಕರೆದುಕೊಂಡು ಹೋದೆ. ಎಫಿ ಕಪ್ಪು ಬಟ್ಟೆಯಲ್ಲಿ ಆಲೂಗಡ್ಡೆ ಹೆರೆಯುತ್ತ ಕೂತಿದ್ದಳು. ಕೇಳಿಸಿಕೊಂಡು, ಚಾಕು ಇಟ್ಟು, ಕೋಟು ಹಾಕಿಕೊಂಡಳು. "ಬಾ" ಎಂದಳು.

ಮೊದಲು ಹೇವರ್ಡನ ಮನೆ. ಹೇವರ್ಡ್ ನಮ್ಮನ್ನು ನೋಡಿ ಎದ್ದು, ಒಂದು ಕ್ಷಣ ಮೇಜು ಹಿಡಿದು ನಿಂತು, ಆಮೇಲೆ ನೆಟ್ಟಗಾದ. "ಬನ್ನಿ ಬನ್ನಿ, ಬ್ಲಾಂಚ್, ಕೆಟಲ್ ಇಡೇ."

"ಕೂತ್ಕೊ" ಎಂದಳು ಎಫಿ. "ನನಗೆ ನಿನ್ನ ಚಹಾ ಬೇಡ. ಈ ಹುಡುಗಿ ಒಂದು ಪ್ರಶ್ನೆ ಕೇಳ್ತಾಳೆ, ಉತ್ತರ ಹೇಳು. ನನ್ನ ಗಂಡ ಸುಳ್ಳು ಹೇಳಿ ಸತ್ತ. ನೀನೂ ಹಾಗೇ ಸತ್ರೆ, ಹೇವರ್ಡ್, ನಾನು ನಿನ್ನ ಹೆಣದ ಹತ್ರ ಬಂದು ಕೂರಲ್ಲ. ಬ್ಲಾಂಚಿಗೆ ಒಂದು ಬ್ರೆಡ್ಡೂ ಕಳಿಸಲ್ಲ. ದೇವರಾಣೆ."

ನಮ್ಮ ದಂಡೆಯಲ್ಲಿ ಯಾರೂ ಯಾರಿಗೂ ಆಡದ ಮಾತು ಅದು. ಬ್ಲಾಂಚ್ ಒಲೆಯ ಹತ್ತಿರ ಕೆಟಲ್ ಹಿಡಿದುಕೊಂಡೇ ನಿಂತಳು.

ಡಲ್ಸಿ ಹೇವರ್ಡನ ಎದುರಿಗೆ ಕುರ್ಚಿ ಎಳೆದುಕೊಂಡಳು. "ನೋವಿದೆಯಾ ಮಾಮ?"

ಅವನು ಅವಳನ್ನು ನೋಡಲಿಲ್ಲ. ಎಫಿಯನ್ನು ನೋಡಿದ, ಆಮೇಲೆ ಮೇಜಿನ ಬಟ್ಟೆಯನ್ನು. "ಇದೆ" ಎಂದ. "ಬಹಳ ಇದೆ. ಕಾಲು ನನ್ನದಲ್ಲ ಅನ್ಸುತ್ತೆ."

"ಯಾವಾಗಿಂದ?"

"ಸೆಲ್ಬಿಗೆ ಶುರುವಾದಾಗಿಂದ್ಲೇ. ನಾವಿಬ್ರೂ ದೋಣೀಲಿ ಒಬ್ರಿಗೊಬ್ರು ಹೇಳ್ಕೊಳ್ತಿದ್ವಿ, ದಡಕ್ಕೆ ಬಂದ ಮೇಲೆ ಹೇಳ್ತಿರಲಿಲ್ಲ."

"ನನಗೂ ಇದೆ" ಎಂದಳು ಬ್ಲಾಂಚ್, ಯಾರೂ ಕೇಳದೆಯೇ. ಹೇವರ್ಡ್ ತಿರುಗಿ ಹೆಂಡತಿಯನ್ನು ನೋಡಿದ. ವೇಷದ ಸಂಜೆಯ ಅವಳ ಕುಂಟನ್ನು ಅವನೂ ನಟನೆಯೆಂದೇ ನಂಬಿದ್ದ.

ಆಮೇಲೆ ಡಲ್ಸಿಯ ಕಡೆ ತಿರುಗಿ ಕೇಳಿದ. "ನನ್ನ ಹೃದಯಾನೂ ಅವನ ಥರ ಆಗಿದೆಯಾ ಕೂಸೇ?"

"ಗೊತ್ತಿಲ್ಲ ಮಾಮ" ಎಂದಳು ಡಲ್ಸಿ. "ರಕ್ತ ನೋಡೋವರೆಗೂ ಗೊತ್ತಾಗಲ್ಲ." ಚೀಲದಿಂದ ಸೂಜಿ ತೆಗೆದು ಅವನ ತೋಳಿಗೆ ಪಟ್ಟಿ ಕಟ್ಟಲು ಹೋದಳು. ಗಂಟು ಬೀಳಲಿಲ್ಲ. ಹೇವರ್ಡ್ ತನ್ನ ಇನ್ನೊಂದು ಕೈಯಿಂದ ಪಟ್ಟಿಯ ತುದಿ ಹಿಡಿದುಕೊಟ್ಟ. ಎಫಿ ಆಗಲೇ ಬಾಗಿಲು ತೆರೆದು, ಪಕ್ಕದ ಮನೆಯ ಕಡೆಗೆ ಹಿಮದಲ್ಲಿ ಇಳಿದಿದ್ದಳು.